ದೊಡ್ಡಪೇಟೆಯ ಮೂರು ಮೆಟ್ಟಿಲು: ಕೋಲಾರದ ಹಳೇ ಬೀದಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಕೋಲಾರದ ದೊಡ್ಡಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ. ನಾನು ಚಿಕ್ಕವನಿದ್ದಾಗ ಬೀದಿಯಿಂದ ಜಗಲಿ ಹತ್ತಲು ಮೂರು ಮೆಟ್ಟಿಲು ಇದ್ದವು. ಮೂರೂ ಕಲ್ಲಿನವು. ನಡುವಿನದು ಮಧ್ಯದಲ್ಲಿ ಸವೆದು ಬಟ್ಟಲಿನ ಹಾಗಾಗಿತ್ತು. ಮಳೆ ನಿಂತ ಮೇಲೂ ಅದರಲ್ಲಿ ಒಂದು ಬೊಗಸೆ ನೀರು ಉಳಿದಿರುತ್ತಿತ್ತು, ಗುಬ್ಬಿಗಳು ಬಂದು ಕುಡಿಯುತ್ತಿದ್ದವು.

ಆ ಮೆಟ್ಟಿಲುಗಳು ಈಗ ಕಾಣುವುದಿಲ್ಲ. ಯಾರೂ ಒಡೆದು ಹಾಕಿಲ್ಲ. ಅಲ್ಲೇ ಇವೆ, ರಸ್ತೆಯ ಕೆಳಗೆ. ಒಂದು ಸಲ ಡಾಂಬರು ಬಂತು. ಕೆಲವು ವರ್ಷ ಬಿಟ್ಟು ಅದರ ಮೇಲೆ ಇನ್ನೊಂದು ಪದರ ಬಂತು. ಆಮೇಲೆ ಕಾಂಕ್ರೀಟ್. ಹಳೇ ಪದರವನ್ನು ಕೆರೆದು ತೆಗೆಯದೆ ಅದರ ಮೇಲೇ ಹಾಕುತ್ತಾ ಹೋದರೆ ಇನ್ನೇನಾಗುತ್ತದೆ? ಬೀದಿ ಏರಿತು, ಮನೆ ಇದ್ದಲ್ಲೇ ಉಳಿಯಿತು. ಈಗ ಜಗಲಿಗೆ ಹತ್ತುವುದಲ್ಲ, ಇಳಿಯಬೇಕು. ಜೋರು ಮಳೆ ಬಂದ ರಾತ್ರಿ ದೊಡ್ಡಮ್ಮ ಹೊಸ್ತಿಲಿಗೆ ಗೋಣಿಚೀಲ ಒತ್ತಿ, ಅದರ ಮೇಲೆ ಒರಳುಕಲ್ಲಿನ ಗುಂಡು ಇಟ್ಟು, ನಡುಮನೆಯಲ್ಲಿ ಎದ್ದು ಕೂತಿರುತ್ತಾರೆ.

ಹಳೇ ಪೇಟೆಗಳನ್ನು ಉಳಿಸೋಣ, ಅದರಿಂದ ಪ್ರವಾಸೋದ್ಯಮ ಬೆಳೆಸೋಣ ಎಂಬ ಮಾತು ಈಗ ಸಣ್ಣ ಊರುಗಳಲ್ಲೂ ಕೇಳುತ್ತಿದೆ. ಒಳ್ಳೆಯ ಮಾತು, ನನಗೂ ಬೇಕಾದ ಮಾತು. ಆದರೆ ಆ ಮಾತು ಯೋಜನೆಯಾಗುವಾಗ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಗೋಪುರಕ್ಕೆ ಬಣ್ಣದ ಲೈಟು, ಊರ ಮುಂದೆ ಸಿಮೆಂಟಿನ ಕಮಾನು, ಫೋಟೊ ತೆಗೆಸಿಕೊಳ್ಳಲು ಊರಿನ ಹೆಸರಿನ ದೊಡ್ಡ ಅಕ್ಷರಗಳು. ಅಷ್ಟಕ್ಕೇ ಹಣ ಮುಗಿಯುತ್ತದೆ. ನನ್ನ ವಾದ ಇಷ್ಟೇ: ಕೆಲಸ ಶುರುವಾಗಬೇಕಾದ್ದು ರಸ್ತೆಯಡಿ ಹೂತುಹೋದ ಆ ಮೆಟ್ಟಿಲಿನಿಂದ. ಪೇಟೆಯ ಜನ ಪೇಟೆಯಲ್ಲೇ ಇರಲು ಮನಸ್ಸು ಮಾಡುವ ಹಾಗಾದರೆ ನೋಡಲು ಬರುವವರು ಬಂದೇ ಬರುತ್ತಾರೆ. ಜನ ಬಿಟ್ಟುಹೋದ ಬೀದಿಯಲ್ಲಿ ಎಷ್ಟು ಲೈಟು ಹಾಕಿದರೂ ಒಂದು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ.

ನಡೆದು ನೋಡಬಹುದಾದ ಊರು

ಕೋಲಾರದ ಹಳೇ ಹೆಸರು ಕುವಲಾಲ. ತಲಕಾಡಿಗೆ ಹೋಗುವ ಮೊದಲು ಗಂಗರ ರಾಜಧಾನಿ ಇಲ್ಲಿತ್ತು. ಆಮೇಲೆ ಚೋಳರು ಬಂದರು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ, ಅಂದರೆ 11ನೇ ಶತಮಾನದ ತಮಿಳು ಶಾಸನಗಳಿವೆ. ಬಿ.ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ 1905ರಲ್ಲೇ ಅಚ್ಚು ಹಾಕಿಸಿದ್ದಾರೆ. ನೂರಿಪ್ಪತ್ತು ವರ್ಷದಿಂದ ನಮ್ಮ ಊರಿನ ಚರಿತ್ರೆ ಪುಸ್ತಕದಲ್ಲಿದೆ. ಗುಡಿಯ ಮುಂದೆ ನಿಂತವರಿಗೆ ಅದನ್ನು ನಾಲ್ಕು ಸಾಲಿನ ಸರಳ ಕನ್ನಡದಲ್ಲಿ ಹೇಳಬೇಕಾದ್ದು ನಮ್ಮ ಕಾಲದವರ ಕೆಲಸ.

ಕೋಲಾರಮ್ಮನಿಗೆ ಕೈ ಮುಗಿದವರು ಪಕ್ಕದ ಚೇಳಮ್ಮನಿಗೂ ಮುಗಿಯುತ್ತಾರೆ. ಚೇಳು ಕಚ್ಚದಿರಲಿ ಎಂದು ಬೇಡಿಕೊಂಡು, ನೆಲದಲ್ಲೇ ತೋಡಿರುವ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಕಾಡುಗಲ್ಲಿನ ಬೆಟ್ಟಗಳ ನಡುವೆ ಬಾಳುವ ಜನರಿಗೆ ಚೇಳಿನ ದೇವತೆ ಬೇಕೇ ಬೇಕಲ್ವಾ? ಅಲ್ಲಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ ವಿಜಯನಗರ ಕಾಲದ ಸೋಮೇಶ್ವರ ದೇವಸ್ಥಾನ. ಅದರ ಕಲ್ಯಾಣ ಮಂಟಪದ ಕಂಬಗಳ ಕೆತ್ತನೆ ನೋಡುತ್ತಾ ನಿಂತರೆ ಒಂದು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಹೈದರ್ ಅಲಿಯ ತಂದೆ ಫತೇ ಮುಹಮ್ಮದ್ ಅವರ ಸಮಾಧಿ ಇರುವ ಮಕ್ಬರಾ ಇದೇ ಊರಿನಲ್ಲಿದೆ. ಹೈದರ್ ಹುಟ್ಟಿದ ಬೂದಿಕೋಟೆಯೂ ಇದೇ ಜಿಲ್ಲೆ. ಕ್ಲಾಕ್ ಟವರ್ ಇದೆ. ಮೆಥೋಡಿಸ್ಟ್ ಮಿಷನ್ನಿನವರು ಕಳೆದ ಶತಮಾನದ ಶುರುವಿನಲ್ಲಿ ಕಟ್ಟಿದ ಆಸ್ಪತ್ರೆ ಇದೆ. ತಲೆ ಎತ್ತಿದರೆ ಶತಶೃಂಗ ಬೆಟ್ಟ, ಅದರ ಮಡಿಲಲ್ಲಿ ಬಸವನ ಬಾಯಿಂದ ನೀರು ಬೀಳುವ ಅಂತರಗಂಗೆ.

ಗಂಗ, ಚೋಳ, ವಿಜಯನಗರ, ಸಿರಾದ ನವಾಬರು, ಮೈಸೂರು, ಮಿಷನರಿಗಳು. ಇಷ್ಟೂ ಕಾಲಗಳ ಗುರುತು ಒಂದು ಸಣ್ಣ ಊರಿನೊಳಗೆ ಸಿಗುವುದು ಅಪರೂಪ.

ಇವೆಲ್ಲ ಹೆಸರಿರುವ ಕಟ್ಟಡಗಳು. ಇವುಗಳ ನಡುವೆ ಹೆಸರಿಲ್ಲದ ಮನೆಗಳಿವೆ. ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡು, ಬೀದಿಗೆ ಜಗಲಿ ಚಾಚಿ, ಒಳಗೆ ತೊಟ್ಟಿ ಬಿಟ್ಟು ಕಟ್ಟಿದ ಮನೆಗಳು. ನಾಡಹೆಂಚಿನವು, ಮಂಗಳೂರು ಹೆಂಚಿನವು, ತೊಲೆ ಜಂತೆಯ ಮೇಲೆ ಗಾರೆ ಬಡಿದ ಮಾಳಿಗೆಯವು. ನಮ್ಮ ಕಡೆ ವಿಶೇಷ ಅಂದರೆ ಉದ್ದುದ್ದ ಕಲ್ಲುಚಪ್ಪಡಿ ಹಾಸಿದ ಚಾವಣಿ. ಬೇರೆ ಕಡೆ ಮರ ಹಾಕುವಲ್ಲಿ ಕೋಲಾರದವರು ಕಲ್ಲು ಹಾಕುತ್ತಾರೆ, ಹೊಲದ ಬೇಲಿಗೂ ಚಪ್ಪಡಿಯನ್ನೇ ನೆಡುತ್ತಾರೆ. ಹೀಗೆ ಕಲ್ಲನ್ನು ಹಲಗೆಯ ಹಾಗೆ ಸೀಳುವ ಕೈಗಳು ಇನ್ನೂ ಇವೆ. ಆ ಕೈಗಳೂ ಪರಂಪರೆಯೇ. ಕುರುಬರಪೇಟೆಯಂಥ ಹೆಸರುಗಳೂ, ಒಂದು ಕಾಲಕ್ಕೆ ಈ ಊರಿಗೆ ಹೆಸರು ತಂದ ಕಂಬಳಿಯೂ ಪರಂಪರೆಯೇ. ಪೇಟೆಯ ಅಂಚಿನಲ್ಲಿ ಒಂದೇ ಕೋಣೆಯ ಮಣ್ಣಿನ ಮನೆ ಕಟ್ಟಿಕೊಂಡು ದೊಡ್ಡ ದೊಡ್ಡ ಮನೆಗಳಿಗೆ ಕಲ್ಲು ಹೊತ್ತವರ ಕೇರಿಗಳನ್ನು ಬಿಟ್ಟು ಬರೀ ತೊಟ್ಟಿಮನೆಗಳನ್ನು ಪಟ್ಟಿ ಮಾಡಿದರೆ ಅದು ಅರ್ಧ ಊರಿನ ಚರಿತ್ರೆ ಮಾತ್ರ.

100 ಮೀಟರ್ ಗೆರೆ

ಕೋಲಾರಮ್ಮ, ಸೋಮೇಶ್ವರ, ಎರಡೂ ಕೇಂದ್ರ ಸರ್ಕಾರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಅಂದರೆ 1958ರ ಪುರಾತನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ, ಎರಡೂ ಇಲ್ಲಿ ನಡೆಯುತ್ತವೆ. ಪೇಟೆಯ ಪಾಡು ಅರ್ಥವಾಗಬೇಕಾದರೆ ಈ ಕಾಯ್ದೆ ಅರ್ಥವಾಗಬೇಕು. ಸ್ವಲ್ಪ ತಾಳ್ಮೆಯಿಂದ ಓದಿ.

ರಕ್ಷಿತ ಸ್ಮಾರಕದ ಎಲ್ಲೆಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬಹುದು, ಆದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆಯ ಮೇಲೆ ಅನುಮತಿ ಪಡೆಯಬೇಕು. ಗುಡಿಯ ಎಲ್ಲೆಯನ್ನೇ ಲೆಕ್ಕಕ್ಕೆ ಹಿಡಿಯದೆ ಬರೀ ಒಂದು ಚುಕ್ಕಿಯಿಂದ 300 ಮೀಟರ್ ಸುತ್ತು ಹಾಕಿದರೂ ಸುಮಾರು 70 ಎಕರೆ ಆಗುತ್ತದೆ. ಬಯಲಲ್ಲಿ ನಿಂತ ಗುಡಿಗೆ ಇದು ದೊಡ್ಡ ವಿಷಯವಲ್ಲ. ಊರ ನಡುವೆ ಇರುವ ಗುಡಿಗೆ? ಆ 70 ಎಕರೆಯಲ್ಲಿ ನೂರಾರು ಮನೆ ಇರುತ್ತವೆ.

ಈ ಕಾಯ್ದೆ ಬೇಡ ಅನ್ನುವವನು ನಾನಲ್ಲ. ಇದು ಇಲ್ಲದಿದ್ದರೆ ಗೋಪುರದ ಪಕ್ಕದಲ್ಲೇ ಐದಂತಸ್ತಿನ ಕಟ್ಟಡ ಎದ್ದಿರುತ್ತಿತ್ತು. ಆದರೆ ಕಾಯ್ದೆ ನಿಜವಾಗಿ ಏನು ಹೇಳುತ್ತದೆ, ಜನ ಏನು ಅಂದುಕೊಂಡಿದ್ದಾರೆ, ಇವೆರಡರ ನಡುವೆ ಅಂತರ ತುಂಬಾ ಇದೆ. 'ಇಲ್ಲಿ ಏನೂ ಮುಟ್ಟಂಗಿಲ್ಲ' ಎಂದು ನಮ್ಮ ಬೀದಿಯವರು ನಂಬಿದ್ದಾರೆ. ನಿಜ ಅದಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯನ್ನು, ಅದು 100 ಮೀಟರ್ ಒಳಗಿದ್ದರೂ, ಅನುಮತಿ ಪಡೆದು ದುರಸ್ತಿ ಮಾಡಿಸಬಹುದು, ನವೀಕರಿಸಬಹುದು. ಬೀಳಿಸಿ ಹೊಸದಾಗಿ ಕಟ್ಟುವಂತಿಲ್ಲ, ಅಷ್ಟೇ. ಚರಂಡಿ ಸ್ವಚ್ಛ ಮಾಡುವುದು, ನೀರಿನ ಸೌಕರ್ಯ, ಸಾರ್ವಜನಿಕ ಶೌಚಾಲಯ, ಬೀದಿಗೆ ಕರೆಂಟು, ಇಂಥವನ್ನು ಕಾಯ್ದೆ 'ನಿರ್ಮಾಣ' ಎಂಬ ಪದದ ಅರ್ಥದಿಂದಲೇ ಹೊರಗಿಟ್ಟಿದೆ.

ಹಾಗಿದ್ದರೆ ಜನ ಯಾಕೆ ಅನುಮತಿ ಕೇಳಲು ಹೋಗುವುದಿಲ್ಲ? ಮಾಳಿಗೆ ಸೋರುತ್ತದೆ. ಅರ್ಜಿಗೆ ಮನೆಯ ನಕ್ಷೆ ಬೇಕು, ಫೋಟೊ ಬೇಕು, ಮಾಲೀಕತ್ವದ ಕಾಗದ ಬೇಕು. ಖಾತೆ ಇನ್ನೂ ತಾತನ ಹೆಸರಲ್ಲೇ ಇರುತ್ತದೆ. ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬರು ಬೆಂಗಳೂರು, ಒಬ್ಬರು ಹೊಸೂರು, ಒಬ್ಬರು ತೀರಿಕೊಂಡು ಅವರ ಮಕ್ಕಳು ಎಲ್ಲೋ. ಭಾಗ ಆಗಿಲ್ಲ. ಸಹಿ ಹಾಕುವವರು ಸಿಗುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಬರುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ, ಒಂದು ರಾತ್ರಿ ಹಿಂದಿನ ಕೋಣೆ ಕುಸಿಯುತ್ತದೆ. ಬಿದ್ದ ಮೇಲೆ ಅದು ದುರಸ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಹೊಸದಾಗಿ ಕಟ್ಟಲು ಅನುಮತಿ ಇಲ್ಲ. ಕೆಲವರು ಬೀಗ ಹಾಕಿಕೊಂಡು ಹೋಗುತ್ತಾರೆ. ಕೆಲವರು ಶನಿವಾರ, ಭಾನುವಾರ ನೋಡಿಕೊಂಡು ಯಾರಿಗೂ ಹೇಳದೆ ಪಿಲ್ಲರ್ ಎಬ್ಬಿಸುತ್ತಾರೆ. ಅಲ್ಲಿಗೆ ಮನೆಯೂ ಹೋಯಿತು, ಕಾಯ್ದೆಯೂ ಮುರಿಯಿತು. ಈ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಸೋರುವ ಮನೆಯವರು ಇಂಥ ಭಯದಲ್ಲಿ ಬದುಕಬೇಕಾದ್ದಿಲ್ಲ.

ಪ್ರತಿ ಸ್ಮಾರಕದ ಸುತ್ತಲಿನ ಜಾಗಕ್ಕೆ ಬೇರೆಬೇರೆಯಾಗಿ ಪಾರಂಪರಿಕ ಉಪನಿಯಮ ಮಾಡಬೇಕೆಂದು 2010ರ ತಿದ್ದುಪಡಿಯಲ್ಲೇ ಇದೆ. ಈ ಕೆಲಸಕ್ಕೆ, ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್‌ನಂಥ ತಜ್ಞ ಸಂಸ್ಥೆಗಳ ಸಲಹೆ ಪಡೆಯಬೇಕೆಂದೂ ಇದೆ. ಇದು ಬಹಳ ಒಳ್ಳೆಯ ಅವಕಾಶ. ಈ ಬೀದಿಯಲ್ಲಿ ಎತ್ತರ ಎಷ್ಟಿರಬೇಕು, ಜಗಲಿ ಹೇಗಿರಬೇಕು, ಬಣ್ಣ ಯಾವುದು, ಬೋರ್ಡು ಎಷ್ಟು ದೊಡ್ಡದು ಎಂಬುದನ್ನೆಲ್ಲ ಚಿತ್ರದ ಸಮೇತ ಕನ್ನಡದಲ್ಲಿ ಬರೆದು ಮನೆಮನೆಗೆ ಕೊಟ್ಟರೆ ಅರ್ಧ ಭಯ ಹೋಗುತ್ತದೆ. ದುರಸ್ತಿ ಅರ್ಜಿ ತುಂಬಿಕೊಡಲು ತಿಂಗಳಿಗೆ ಎರಡು ದಿನ ಪೇಟೆಯಲ್ಲೇ ಒಬ್ಬರು ಕೂತರೆ ಉಳಿದರ್ಧವೂ ಹೋಗುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಸಾಮಾನ್ಯ ಕಟ್ಟಡ ನಿಯಮಗಳೆಲ್ಲ ಹೊಸ ಬಡಾವಣೆಯ ಸೈಟುಗಳನ್ನು ಮನಸ್ಸಲ್ಲಿಟ್ಟು ಮಾಡಿದವು. ಮುಂದೆ ಇಷ್ಟು ಅಡಿ ಬಿಡಿ, ಪಕ್ಕಕ್ಕೆ ಇಷ್ಟು ಬಿಡಿ, ಕಾರಿಗೆ ಜಾಗ ಬಿಡಿ ಎನ್ನುತ್ತವೆ. ಪೇಟೆಯ ಸಾಲುಮನೆಗಳಲ್ಲಿ ಒಂದು ಮನೆ ಹಿಂದಕ್ಕೆ ಸರಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಜಗಲಿ ಹೋಗಿ ಅಲ್ಲಿ ಕಬ್ಬಿಣದ ಗೇಟು ಬರುತ್ತದೆ. ಹಳೇ ಪೇಟೆಗೆ ಬೇರೆಯೇ ನಿಯಮ ಬೇಕು. ಗೆರೆಗೆ ಗೆರೆ ಸೇರಿಸಿ ಕಟ್ಟಿ, ತೊಟ್ಟಿಯಿಂದ ಗಾಳಿ ಬೆಳಕು ತಗೊಳ್ಳಿ, ಕಾರು ಬೀದಿಯ ಕೊನೆಯಲ್ಲಿ ನಿಲ್ಲಿಸಿ ಎನ್ನುವಂಥ ನಿಯಮ.

ಗಾರೆ, ಸಿಮೆಂಟು, ಬೆಲ್ಲದ ನೀರು

ಮೂರು ವರ್ಷದ ಹಿಂದೆ ದೊಡ್ಡಮ್ಮನ ನಡುಮನೆಯ ಗೋಡೆ ಉದುರಲು ಶುರುವಾಯಿತು. ಸಿಕ್ಕಿದ ಮೇಸ್ತ್ರಿಯನ್ನು ಕರೆಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ನುಣ್ಣಗೆ ಕನ್ನಡಿಯ ಹಾಗಾಯಿತು. ಎರಡನೇ ಮಳೆಗಾಲಕ್ಕೆ ನೆಲದಿಂದ ಎರಡು ಅಡಿ ಎತ್ತರದವರೆಗೆ ಪ್ಲಾಸ್ಟರ್ ಉಬ್ಬಿತು. ಕೈಯಿಂದ ತಟ್ಟಿದರೆ ಟೊಳ್ಳು ಸದ್ದು. ಬೆರಳು ಹಾಕಿ ಎಳೆದಾಗ ತಟ್ಟೆಯಷ್ಟು ಅಗಲದ ಚಕ್ಕೆ ಕೈಗೆ ಬಂತು. ಅದರ ಹಿಂದೆ ಬಿಳೀ ಉಪ್ಪು, ಅದರ ಹಿಂದೆ ಒದ್ದೆ ಮಣ್ಣು. ಉಗುರಲ್ಲಿ ಕೆರೆದರೂ ಉದುರುತ್ತಿತ್ತು.

ಆಮೇಲೆ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರನ್ನು ಹುಡುಕಿಕೊಂಡು ಹೋದೆ. ಅವರು ಬಂದು ಗೋಡೆ ಮುಟ್ಟಿ ನೋಡಿ ಹೇಳಿದ್ದು: "ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯೋದು ಅಂದ್ರೆ ಬೆವರೋ ಮೈಗೆ ಪ್ಲಾಸ್ಟಿಕ್ ಕವರ್ ಸುತ್ತಿದಂಗೆ ಸ್ವಾಮಿ. ನೀರು ಎಲ್ಲಿಂದ ಆಚೆ ಹೋಗ್ಬೇಕು?"

ವಿಷಯ ಇಷ್ಟೇ. ಮಣ್ಣು ಮತ್ತು ಸುಣ್ಣದ ಗೋಡೆ ನೆಲದ ತೇವ ಹೀರುತ್ತದೆ, ಬಿಸಿಲು ಬಂದಾಗ ಅದನ್ನು ಗಾಳಿಗೆ ಬಿಡುತ್ತದೆ. ಸುಣ್ಣದ ಗಾರೆಗೆ ಅದಕ್ಕೆ ಬೇಕಾದ ಸಣ್ಣ ರಂಧ್ರಗಳಿರುತ್ತವೆ. ಸಿಮೆಂಟು ಬಿಗಿ, ಗಟ್ಟಿ. ತೇವವನ್ನು ಒಳಗೇ ಕೂಡಿ ಹಾಕುತ್ತದೆ. ತೇವದ ಜೊತೆ ಮೇಲೇರಿದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನೇ ಆಚೆ ತಳ್ಳುತ್ತದೆ. ಮೇಲಾಗಿ ನಮ್ಮ ಬೀದಿ ಮನೆಗಿಂತ ಎತ್ತರ ಆಗಿರುವುದರಿಂದ ಗೋಡೆಯ ಬುಡಕ್ಕೆ ತೇವ ಮೊದಲಿಗಿಂತ ಜಾಸ್ತಿ. ರಸ್ತೆಯ ತಪ್ಪು ಗೋಡೆಗೆ ಬಂತು, ಗೋಡೆಯ ಕಾಯಿಲೆಗೆ ನಾವು ತಪ್ಪು ಔಷಧಿ ಹಾಕಿದೆವು.

ಮೇಸ್ತ್ರಿ ಸಿಮೆಂಟನ್ನೆಲ್ಲ ಕೆತ್ತಿ ತೆಗೆಸಿದರು. ಸುಣ್ಣದ ಕಲ್ಲನ್ನು ಡ್ರಮ್ಮಿನಲ್ಲಿ ಅರಳಿಸಿ ನೀರಲ್ಲಿ ಮುಳುಗಿಸಿಟ್ಟರು. ಮೂರು ವಾರ ಅದನ್ನು ಮುಟ್ಟಲಿಲ್ಲ. ಅಳಲೆಕಾಯಿ ಜಜ್ಜಿ, ಬೆಲ್ಲ ಹಾಕಿ ನೆನೆಸಿದ ನೀರನ್ನು ಸೇರಿಸಿ ಮರಳಿನೊಂದಿಗೆ ಕಲಸಿದರು. ಬಳಿದ ಮೇಲೆ ಒಂದು ವಾರ ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು. ಮನೆಯೆಲ್ಲ ಬೆಲ್ಲದ ಹುಳಿ ವಾಸನೆ, ಇರುವೆ ಬೇರೆ. ಆದರೆ ಎರಡು ಮಳೆಗಾಲ ಕಳೆಯಿತು, ಆ ಗೋಡೆ ಹಾಗೇ ಇದೆ. ಖರ್ಚು ಸಿಮೆಂಟಿಗಿಂತ ಜಾಸ್ತಿಯಾಯಿತು, ನಿಜ. ಅದರಲ್ಲಿ ಬಹುಪಾಲು ಹೋದದ್ದು ಕೂಲಿಗೆ, ಅಂದರೆ ಊರಿನ ಕೈಗಳಿಗೇ.

ಕಷ್ಟ ಎಲ್ಲಿದೆ ಅಂದರೆ ಆ ಮೇಸ್ತ್ರಿಯ ಮಗ ಟೈಲ್ಸ್ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾನೆ. ವರ್ಷಕ್ಕೆ ಒಂದೋ ಎರಡೋ ಗಾರೆ ಕೆಲಸ ಸಿಕ್ಕರೆ ಯಾರು ಕಲಿಯುತ್ತಾರೆ? ಒಂದೇ ಸಲ ಹತ್ತು ಮನೆ ದುರಸ್ತಿಗೆ ಬಂದರೆ ಹತ್ತು ಹುಡುಗರು ಕಲಿಯಬಹುದು. ಐ.ಟಿ.ಐ.ಗಳಲ್ಲಿ ಗಾರೆ, ಕಲ್ಲು, ಮರದ ತೊಲೆಯ ಕೆಲಸಕ್ಕೆ ಆರು ತಿಂಗಳ ಪಾಠ ಇಟ್ಟರೆ ಕೆಲಸ ಬರೀ ಕೋಲಾರದಲ್ಲಿ ಅಲ್ಲ, ಆವಣಿ, ಕುರುಡುಮಲೆ, ನಂದಿ, ಎಲ್ಲ ಕಡೆಯೂ ಸಿಗುತ್ತದೆ.

ದೋಸೆಗೆ ಬರುವವರು ಪೇಟೆಗೆ ಯಾಕೆ ಬರುವುದಿಲ್ಲ?

'ಕೋಲಾರಕ್ಕೆ ಯಾರ್ ಬರ್ತಾರೆ?' ಎಂದು ನಮ್ಮವರೇ ಕೇಳುತ್ತಾರೆ. ಬರುತ್ತಿದ್ದಾರಲ್ಲ! ಶನಿವಾರ, ಭಾನುವಾರ ಬೆಳಗ್ಗೆ ಅಂತರಗಂಗೆಯ ಬುಡದಲ್ಲಿ ನಿಂತ ಬೈಕು, ಕಾರುಗಳ ನಂಬರ್ ಪ್ಲೇಟ್ ನೋಡಿ. ಬಹುಪಾಲು ಬೆಂಗಳೂರಿನವು. ಗುಹೆಗಳಲ್ಲಿ ನುಸುಳಿ, ಬೆಟ್ಟ ಹತ್ತಿ, ತಿಂಡಿಗೆ ಹೆದ್ದಾರಿಯ ಹೋಟೆಲಿಗೆ ಹೋಗಿ, ಹಾಗೇ ವಾಪಸ್. ಕೋಟಿಲಿಂಗೇಶ್ವರಕ್ಕೆ ಬಸ್ಸುಗಳು ಬರುತ್ತವೆ. ಒಂದು ದೋಸೆಗೋಸ್ಕರ ಕೋಲಾರ ದಾಟಿ ಇನ್ನೂ 30 ಕಿಲೋಮೀಟರ್ ಮುಂದೆ ಮುಳಬಾಗಿಲಿಗೆ ಹೋಗುವವರಿದ್ದಾರೆ. ದೂರ ಅವರಿಗೆ ಅಡ್ಡಿಯಲ್ಲ. ಪೇಟೆಯೊಳಗೆ ಬಂದರೆ ಎಲ್ಲಿ ಗಾಡಿ ನಿಲ್ಲಿಸಬೇಕು, ಎಲ್ಲಿಂದ ಎಲ್ಲಿಗೆ ನಡೆಯಬೇಕು, ಯಾರನ್ನು ಕೇಳಬೇಕು, ಹೆಂಗಸರಿಗೆ ಶೌಚಾಲಯ ಎಲ್ಲಿ, ಇದು ಯಾವುದೂ ಗೊತ್ತಾಗುವುದಿಲ್ಲ. ಅಡ್ಡಿ ಅದು.

ಒಂದು ಅಂದಾಜು ಲೆಕ್ಕ ಹಾಕೋಣ. ಭಾನುವಾರ ಬೆಳಗ್ಗೆ ಹದಿನೈದು ಜನರ ಒಂದು ಗುಂಪು, ತಲಾ 300 ರೂಪಾಯಿ ಶುಲ್ಕ ಅಂದುಕೊಳ್ಳಿ. 4,500 ಆಯಿತು. ಕರೆದುಕೊಂಡು ಹೋಗುವ ಹುಡುಗ ಅಥವಾ ಹುಡುಗಿಗೆ 1,500. ಒಂದು ಮನೆಯ ತೊಟ್ಟಿಯಲ್ಲಿ ಕೂರಿಸಿ ಕೊಡುವ ಮುದ್ದೆ, ಅವರೆಕಾಳು ಸಾರಿಗೆ 1,500. ಉಳಿದ 1,500 ಬೀದಿಯ ದುರಸ್ತಿ ನಿಧಿಗೆ. ವರ್ಷದಲ್ಲಿ ಮಳೆ, ಹಬ್ಬ, ಪರೀಕ್ಷೆ ಬಿಟ್ಟು 40 ಭಾನುವಾರ ನಡೆದರೆ ನಿಧಿಗೆ 60,000. ಇಷ್ಟರಲ್ಲಿ ಒಂದು ಊರು ಉದ್ಧಾರ ಆಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಮನೆಯ ಮಾಳಿಗೆ ಸೋರದ ಹಾಗೆ ಮಾಡಲು ಅದು ದೊಡ್ಡ ಆಸರೆ. ಅದಕ್ಕಿಂತ ಮುಖ್ಯವಾದದ್ದು, ಹೊರಗಿನಿಂದ ಬಂದವರು ತೊಟ್ಟಿಯಲ್ಲಿ ನಿಂತು ಕಂಬದ ಬೋದಿಗೆಯನ್ನು ಕಣ್ಣರಳಿಸಿ ನೋಡಿದಾಗ ಮನೆಯವರ ಮನಸ್ಸಲ್ಲಿ ಆಗುವ ಬದಲಾವಣೆ. ನಮ್ಮ ಅಣ್ಣನೇ, ದೊಡ್ಡಮ್ಮನ ಮಗ, 'ಈ ಹಳೇ ಕೊಂಪೆ ಮಾರಿ ಬಿಡೋಣ' ಅನ್ನುತ್ತಿದ್ದವನು. ಕಾಲೇಜಿನ ನಾಲ್ಕು ಹುಡುಗರು ಬಂದು ಅಳತೆ ತೆಗೆದು ಮನೆಯ ನಕ್ಷೆ ಬರೆದುಕೊಟ್ಟ ಮೇಲೆ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾನೆ.

ಬೇರೆ ಊರುಗಳನ್ನು ನೋಡಿ

ನಮಗೆ ಹತ್ತಿರದ ಪಾಠ ಪುದುಚೇರಿಯಲ್ಲಿದೆ. ಎಲ್ಲರೂ ಹೋಗಿ ನೋಡುವುದು ಅಲ್ಲಿನ ಫ್ರೆಂಚ್ ಬೀದಿಗಳನ್ನು. ನಾನು ಹೇಳುತ್ತಿರುವುದು ತಮಿಳರ ಪೇಟೆಯಲ್ಲಿರುವ ವೈಶ್ಯಾಳ್ ಬೀದಿಯನ್ನು. ಅಲ್ಲಿಯ ಮನೆಗಳಿಗೂ ನಮ್ಮ ಹಾಗೇ ಜಗಲಿ, ಅವರು ತಿಣ್ಣೈ ಅನ್ನುತ್ತಾರೆ. 2002ರಿಂದ 2004ರವರೆಗೆ ಯುರೋಪಿನ ನೆರವಿನ ಒಂದು ಯೋಜನೆಯಲ್ಲಿ, ಇಂಟ್ಯಾಕ್ ಜೊತೆಗೂಡಿ, ಆ ಬೀದಿಯ ಮನೆಗಳ ಮುಂಭಾಗ ಸರಿಮಾಡಿದರು. ಖರ್ಚಿನಲ್ಲಿ ಅರ್ಧ ಯೋಜನೆಯದು, ಅರ್ಧ ಮನೆಯವರದು. ಈ ಅರ್ಧ ಅರ್ಧ ಎನ್ನುವುದೇ ಅದರ ಗುಟ್ಟು. ಪೂರ್ತಿ ಪುಕ್ಕಟೆ ಮಾಡಿಕೊಟ್ಟಿದ್ದರೆ ಮನೆಯವರು ಸುಮ್ನೆ ನೋಡುತ್ತಾ ನಿಂತಿರುತ್ತಿದ್ದರು. ತಮ್ಮ ದುಡ್ಡೂ ಸೇರಿದರೆ ಯಾರಾದರೂ ಕೇಳಿ ಕೇಳಿಯೇ ಮಾಡಿಸಿಕೊಳ್ಳುತ್ತಾರೆ. 2008ರಲ್ಲಿ ಆ ಬೀದಿಗೆ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪಾರಂಪರಿಕ ಪ್ರಶಸ್ತಿ ಬಂತು. ಒಂದು ಬೀದಿ ಮಾತ್ರ ಹಿಡಿದರು ಎಂಬುದನ್ನೂ ಗಮನಿಸಿ. ಇಡೀ ಊರಿಗೆ ಕೈ ಹಾಕಲಿಲ್ಲ.

ಅಹಮದಾಬಾದಿನಲ್ಲಿ ನಗರಪಾಲಿಕೆಯೇ 1997ರಲ್ಲಿ ಬೆಳಗಿನ ಪಾರಂಪರಿಕ ನಡಿಗೆ ಶುರು ಮಾಡಿತು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ನಡುವೆ ಪೋಳ್ ಎಂದು ಕರೆಯುವ ಸಣ್ಣ ಸಣ್ಣ ಕೇರಿಗಳು. ಇಪ್ಪತ್ತು ವರ್ಷ ಆದಮೇಲೆ, 2017ರಲ್ಲಿ, ಅದು ಭಾರತದ ಮೊದಲ ವಿಶ್ವ ಪರಂಪರೆಯ ನಗರವಾಯಿತು. ಮೊದಲು ನಡಿಗೆ, ಆಮೇಲೆ ಪಟ್ಟ. ನಮಗೂ ಕೋಲಾರಮ್ಮನ ಗುಡಿಯಿಂದ ಹೊರಟು, ಸೋಮೇಶ್ವರ ನೋಡಿಕೊಂಡು, ಮಕ್ಬರಾದಲ್ಲಿ ಮುಗಿಯುವ ದಾರಿ ಸಿದ್ಧವಾಗೇ ಇದೆ. ಈ ಊರು ಎಲ್ಲರೂ ಸೇರಿ ಕಟ್ಟಿದ್ದು ಎಂದು ಭಾಷಣ ಮಾಡಿ ಹೇಳಬೇಕಾಗಿಲ್ಲ, ಆ ದಾರಿಯಲ್ಲಿ ನಡೆದವರಿಗೆ ಕಾಲಿಗೇ ಗೊತ್ತಾಗುತ್ತದೆ.

ಹೀಗೆ ಮಾಡಬಾರದು ಎಂಬುದಕ್ಕೂ ಉದಾಹರಣೆ ಇದೆ. ಅಮೃತಸರದಲ್ಲಿ ಟೌನ್ ಹಾಲಿನಿಂದ ಸ್ವರ್ಣಮಂದಿರದವರೆಗಿನ ದಾರಿಯ ಕಟ್ಟಡಗಳಿಗೆಲ್ಲ ಒಂದೇ ರೀತಿಯ ಹೊಸ ಮುಖ ಕಟ್ಟಿ 2016ರಲ್ಲಿ ಉದ್ಘಾಟಿಸಿದರು. ವಾಹನಗಳ ಓಡಾಟ ತಡೆದು, ನಡೆಯುವವರಿಗೆ ಜಾಗ ಬಿಟ್ಟದ್ದು ನನಗೆ ಇಷ್ಟವಾಯಿತು. ಆದರೆ ಬೇರೆಬೇರೆ ಕಾಲದ ಅಂಗಡಿ, ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಕಾಣುತ್ತವೆ. ಮುಂದಿನದು ಮುಖವಾಡ, ಹಿಂದಿನದು ಅದೇ ಹಳೇ ಗೋಡೆ. ಕೋಲಾರದಲ್ಲಿ ಯಾರಾದರೂ ಹೀಗೆ ಎಲ್ಲ ಮನೆಗೂ ಒಂದೇ ನಮೂನೆಯ ಕಮಾನು ಅಂಟಿಸಲು ಬಂದರೆ ದಯವಿಟ್ಟು ಒಪ್ಪಬೇಡಿ.

ಕಣ್ಣು ಮುಚ್ಚಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಇದೆ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಕೆಡವಬೇಕೋ ಉಳಿಸಬೇಕೋ ಎಂಬ ಚರ್ಚೆ ಅದಾದ ಮೇಲೆ ವರ್ಷಗಟ್ಟಲೆ ನಡೆಯಿತು. ಹಳೇ ಕಟ್ಟಡದ ಮೇಲಿನ ಪ್ರೀತಿ ಅಂದರೆ ಅದರೊಳಗೆ ಇರುವವರ ಜೀವದ ಮೇಲಿನ ಪ್ರೀತಿಯೂ ಹೌದು. ಉಳಿಸುವ ಹಾಗಿಲ್ಲದ ಗೋಡೆಯನ್ನು ಇಳಿಸಲೇಬೇಕು, ಆ ಮಾತನ್ನೂ ಧೈರ್ಯವಾಗಿ ಹೇಳಬೇಕು.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಎಚ್ಚರಿಕೆ ಇದೆ. ಕೆ.ಜಿ.ಎಫ್.ನ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಎಳೆಸಿಕೊಂಡ ಊರು ಅದು. ಕೆಲಸ ನಿಂತಿತು, ಜನ ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು, ಬಂಗಲೆಗಳು ಕುಸಿದವು. ಸಿನಿಮಾದಿಂದ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು, ನೋಡಲು ಬಂದವರಿಗೆ ತೋರಿಸಲು ವ್ಯವಸ್ಥೆ ಇರಲಿಲ್ಲ. ಬರೀ ಹೆಸರಿನಿಂದ ಏನೂ ಆಗುವುದಿಲ್ಲ.

ಎಲ್ಲಿಂದ ಶುರು

ನಾನಾದರೆ ಒಂದೇ ಬೀದಿ ಆರಿಸಿಕೊಳ್ಳುತ್ತೇನೆ. ಇಪ್ಪತ್ತು, ಮೂವತ್ತು ಮನೆ ಸಾಕು. ಮೊದಲ ಆರು ತಿಂಗಳು ಪ್ರವಾಸಿಗರ ಮಾತೇ ಬೇಡ. ಮನೆಮನೆಗೆ ಹೋಗಿ ಕೂತು ಕೇಳಬೇಕು: ಎಲ್ಲಿ ಸೋರುತ್ತೆ, ಖಾತೆ ಯಾರ ಹೆಸರಲ್ಲಿದೆ, ಮಕ್ಕಳು ವಾಪಸ್ ಬರುತ್ತಾರಾ, ಮೇಲೆ ಒಂದು ಬಚ್ಚಲುಮನೆ ಬೇಕಾ? ಹಳೇ ಮನೆ ಬಿಡುವವರು ಹೇಳುವ ದೊಡ್ಡ ಕಾರಣ ಬಚ್ಚಲು, ಕಕ್ಕಸು. ವಯಸ್ಸಾದವರು ರಾತ್ರಿ ತೊಟ್ಟಿ ದಾಟಿ ಹಿತ್ತಲಿಗೆ ಹೋಗಬೇಕು. ಇದಕ್ಕೆ ಒಳಗೇ ಒಂದು ಒಳ್ಳೆಯ ಪರಿಹಾರ ಹುಡುಕುವುದೇ ಸೂಕ್ಷ್ಮ ವಿನ್ಯಾಸ. ಕಂಬದ ಕೆತ್ತನೆಯಷ್ಟೇ ಗೌರವ ಮೊಣಕಾಲು ನೋವಿಗೂ ಸಿಗಬೇಕು.

ಆಮೇಲೆ ರಸ್ತೆ. ಮುಂದಿನ ಸಲ ಟೆಂಡರ್ ಕರೆಯುವಾಗ 'ಹಳೇ ಪದರಗಳನ್ನು ಕೆರೆದು, ಮನೆಗಳ ಮೂಲ ಮಟ್ಟಕ್ಕೆ ಇಳಿಸಿ' ಎಂಬ ಒಂದು ಸಾಲು ಸೇರಿಸಿದರೆ ಸಾಕು. ಕೆರೆಯುವ ಯಂತ್ರಗಳು ಹೆದ್ದಾರಿ ಕೆಲಸದಲ್ಲಿ ದಿನಾ ಓಡುತ್ತಿವೆ. ಕಾಂಕ್ರೀಟಿನ ಬದಲು ನಮ್ಮದೇ ಕಲ್ಲುಚಪ್ಪಡಿ ಹಾಸಿದರೆ ಪೈಪು ರಿಪೇರಿಗೆ ಎತ್ತಿ ಮತ್ತೆ ಕೂರಿಸಬಹುದು, ಪ್ರತಿ ಸಲ ಒಡೆಯಬೇಕಾಗಿಲ್ಲ. ಕಲ್ಲು ಸೀಳುವವರಿಗೂ ಕೆಲಸ. ಜೊತೆಗೆ ಚರಂಡಿ, ತಲೆಗೆ ತಾಗುವಂತೆ ಜೋತುಬಿದ್ದ ವೈರುಗಳು. ಇದೆಲ್ಲ ಪಾರಂಪರಿಕ ಕೆಲಸವಾ ಎಂದು ಕೇಳಬಹುದು. ಹೌದು, ಇದೇ ಮೊದಲ ಪಾರಂಪರಿಕ ಕೆಲಸ.

ಹೆದರಿಕೆ ಒಂದಿದೆ, ಅದನ್ನೂ ಮುಚ್ಚಿಡಬಾರದು. ಬೀದಿ ಚಂದವಾದ ಮೇಲೆ ಬಾಡಿಗೆ ಏರುತ್ತದೆ. ಜಗಲಿಯ ಮೇಲೆ ಕೂತು ಹೂ ಕಟ್ಟುವ ಹೆಂಗಸಿಗೆ, ಕೊಡೆ ರಿಪೇರಿಯವನಿಗೆ ಜಾಗ ತಪ್ಪುತ್ತದೆ. ಫೋರ್ಟ್ ಕೊಚ್ಚಿಯಲ್ಲಿ ಮನೆಗಳು ಒಂದೊಂದಾಗಿ ಹೋಂ ಸ್ಟೇ, ಕೆಫೆ ಆದವು. ನಾವು ಆ ಹಂತದಿಂದ ಬಹಳ ದೂರ ಇದ್ದೇವೆ, ಆದರೆ ನಿಯಮವನ್ನು ಈಗಲೇ ಬರೆಯುವುದು ಸುಲಭ. ದುರಸ್ತಿಗೆ ಅರ್ಧ ಹಣ ಪಡೆದವರು ಇಷ್ಟು ವರ್ಷ ಮಾರುವಂತಿಲ್ಲ, ಇದ್ದ ಬಾಡಿಗೆದಾರರನ್ನು ಎಬ್ಬಿಸುವಂತಿಲ್ಲ ಎಂದು ಒಪ್ಪಂದದಲ್ಲೇ ಇರಲಿ. ಬೀದಿಯಲ್ಲಿ ಎಷ್ಟು ಮನೆ ಹೋಂ ಸ್ಟೇ ಆಗಬಹುದು ಎಂಬುದನ್ನು ಬೀದಿಯವರೇ ಕೂತು ತೀರ್ಮಾನಿಸಲಿ. ಜಗಲಿ ವ್ಯಾಪಾರದವರ ಹೆಸರು ಪಟ್ಟಿಯಲ್ಲಿ ಮೊದಲು ಬರಲಿ.

ಹೋದ ವರ್ಷ ನೀರಿನ ಪೈಪ್ ಹಾಕಲು ದೊಡ್ಡಮ್ಮನ ಮನೆ ಮುಂದೆ ಅಗೆದರು. ಕಾಂಕ್ರೀಟ್, ಅದರ ಕೆಳಗೆ ಡಾಂಬರು, ಅದರ ಕೆಳಗೆ ಇನ್ನೊಂದು ಡಾಂಬರು. ಅದರ ಅಡಿಯಲ್ಲಿ ಕಲ್ಲಿನ ಅಂಚು ಕಂಡಿತು. ಅಗೆಯುವವರಿಗೆ ಹೇಳಿ ಸ್ವಲ್ಪ ಅಗಲ ಮಾಡಿಸಿದೆ. ನಡುವಿನ ಮೆಟ್ಟಿಲು, ಬಟ್ಟಲಿನ ಹಾಗೆ ಸವೆದದ್ದು. "ಅಯ್ಯೋ, ಇಲ್ಲೇ ಅದೆ ಕಣೋ" ಎಂದು ದೊಡ್ಡಮ್ಮ ಒಂದು ಕೊಡ ನೀರು ತಂದು ತೊಳೆದರು. ಪೈಪ್ ಕೂರಿಸಿ ಮತ್ತೆ ಮುಚ್ಚುವವರೆಗೆ ಮೂರು ದಿನ, ಬೆಳಗ್ಗೆ ಹೊಸ್ತಿಲಿಗೆ ಹಾಕಿದ ಹಾಗೇ ಅದರ ಮೇಲೂ ಒಂದೆಳೆ ರಂಗೋಲಿ ಬಿಟ್ಟರು. ಮುಚ್ಚುವ ಮೊದಲು ನಾನು ಟೇಪ್ ಹಿಡಿದು ಅಳೆದೆ. ರಸ್ತೆಯ ಮೇಲಿನಿಂದ ಮೆಟ್ಟಿಲಿಗೆ ಒಂದೂವರೆ ಅಡಿ.